ಕಂದು ಶಾಯಿಯ ಆಪಾ

ಆಪಾ ನೆಮ್ಮದಿಯಾಗಿ ಕೂತದ್ದನ್ನು ನಾನು ನೋಡಿದ್ದು ಒಂದೇ ಸಲ. ಅದೂ ಅವರ ಅಂಗಡಿಯಲ್ಲಲ್ಲ, ಔರಾದದಲ್ಲಿ, ಬೇರೆಯವರ ಮನೆಯ ಪಡಸಾಲೆಯಲ್ಲಿ. ಬಸ್ಸಿನ ಸೀಟನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಬಸ್ಸಿನಲ್ಲೂ ಅವರು ಸೀಟಿನ ತುದಿಗೆ ಸರಿದು, ಮುಂದಿನ ಕಂಬಿ ಹಿಡಿದು, ಡ್ರೈವರನಿಗಿಂತ ಮೊದಲು ತಾವೇ ಊರು ಮುಟ್ಟಬೇಕೆಂಬಂತೆ ಇರುತ್ತಿದ್ದರು.

ಅವರ ಹೆಸರು ಬರೆಯುವುದಿಲ್ಲ. ಬದುಕಿದ್ದಾಗ ಅಂಗಡಿಯ ಬೋರ್ಡಿಗೂ ಹೆಸರು ಹಾಕಿಸದವರು. ಈಗ ನಾನು ಹಾಕಿದರೆ ಬೈದಾರು. ಬೀದರಿನ ಹಳೆಯ ಊರೊಳಗಿನ ಒಂದು ಗಲ್ಲಿಯಲ್ಲಿ ಅವರ ಅಂಗಡಿ ಇತ್ತು. ಚಿಕ್ಕವರು ದೊಡ್ಡವರು ಎಲ್ಲರಿಗೂ ಅವರು ಆಪಾ, ಅಂದರೆ ಅಕ್ಕ. ನಾನು ಭಾಲ್ಕಿಯಲ್ಲಿ ಮದುವೆ ಫೋಟೋ ತೆಗೆಯುವವನು. ನನ್ನ ಸ್ಟುಡಿಯೋದಲ್ಲಿ ಬಣ್ಣದ ಪ್ರಿಂಟಿನ ಮಷೀನಿದೆ, ಗಿರಾಕಿಗಳಿದ್ದಾರೆ, ಕೂರಲು ಒಂದು ಒಳ್ಳೆಯ ಕುರ್ಚಿಯಿದೆ. ಆ ಕುರ್ಚಿ ಬಿಟ್ಟು ಏಳುವುದೆಂದರೆ ನನಗೆ ಜೀವ ಹೋದಷ್ಟು ಬೇಸರ. ಅಂಥವನನ್ನು ಹಿಡಿದು ಜಿಲ್ಲೆ ತುಂಬ ಓಡಾಡಿಸಿದವರು ಅವರು.

ಅವರು ಮಾಡುತ್ತಿದ್ದದ್ದು ಒಂದೇ ಕೆಲಸ: ತೀರಿಕೊಂಡವರ ಫೋಟೋ. ನಮ್ಮ ಕಡೆ ಯಾರಾದರೂ ಹೋದರೆ ದಿವಸದ ಕಾರ್ಯದೊಳಗೆ ಚೌಕಟ್ಟು ಹಾಕಿದ ದೊಡ್ಡ ಫೋಟೋ ಗೋಡೆಗೆ ಬರಬೇಕು, ಅದಕ್ಕೆ ಹಾರ ಬೀಳಬೇಕು. ಮನೆಯಲ್ಲಿ ಹುಡುಕಿದರೆ ಸಿಗುವುದು ಹಳೆಯ ಕಪ್ಪು-ಬಿಳುಪು ಫೋಟೋ, ಇಲ್ಲವೇ ಯಾರದೋ ಮದುವೆಯ ಗುಂಪಿನಲ್ಲಿ ಮೂಲೆಗೆ ನಿಂತ ಮುಖ. ಅದನ್ನು ನನ್ನಂಥವರು ಕಂಪ್ಯೂಟರಿಗೆ ಹಾಕಿ, ಹಿಂದೆ ನೀಲಿ ಪರದೆ ಎಳೆದು, ಜನ್ಮದಲ್ಲಿ ಕೋಟು ತೊಡದವರಿಗೆ ಕೋಟು ತೊಡಿಸಿ ಕೊಡುತ್ತೇವೆ. ಕಪ್ಪು-ಬಿಳುಪೇ ಬೇಕೆಂದರೆ ಅದನ್ನೂ ಬಣ್ಣದ ಶಾಯಿಯಲ್ಲೇ ತೆಗೆಯುತ್ತೇವೆ. ಮಷೀನು ನೀಲಿ, ಕೆಂಪು, ಹಳದಿಗಳನ್ನು ಕೂಡಿಸಿ ಹೇಗೋ ಬೂದು ಬಣ್ಣ ಮಾಡಿಕೊಳ್ಳುತ್ತದೆ. ಇದೇ ಕಸುಬಿನವರೆಂದು ಅವರ ಅಂಗಡಿಗೆ ಹೋಗಿ ಅಂಥದೊಂದು ಪ್ರಿಂಟನ್ನು ನಾನು ಮೊದಲ ಸಲ ತೋರಿಸಿದಾಗ ಆಪಾ ಅದನ್ನು ಟ್ಯೂಬ್‌ಲೈಟಿನ ಕೆಳಗೆ ಹಿಡಿದರು. ಗಲ್ಲಿಗೆ ಓಡಿ ಬಿಸಿಲಿಗೆ ಹಿಡಿದರು. ಒಳಗೆ ಬಂದು ಮತ್ತೆ ಟ್ಯೂಬ್‌ಲೈಟಿಗೆ ಹಿಡಿದರು.

"ನೋಡ್ರಿ ಬಾಬಾ, ಒಳಗ ಹಸಿರು, ಹೊರಗ ಗುಲಾಬಿ. ಸತ್ತ ಮನಶಾನ್ನ ಗೋಸುಂಬಿ ಮಾಡೀರಿ."

"ಯಾರ ನೋಡ್ತಾರ ಆಪಾ. ಹಾರ ಹಾಕಿದ ಮ್ಯಾಲ ಕಾಣೋದೇ ಅರ್ಧ ಮಾರಿ."

"ದಿನಾ ನೋಡೋರು ಇರ್ತಾರ್ರಿ. ನಾವು ಅವರಿಗಿ ಮಾಡ್ತೀವಿ, ಬ್ಯಾರೆಯವರಿಗಲ್ಲ."

ಅವರದು ಆರು ಟ್ಯಾಂಕಿನ ಸಾಧಾರಣ ಇಂಕ್‌ಜೆಟ್ ಪ್ರಿಂಟರು. ಆದರೆ ಆ ಆರರಲ್ಲಿ ಒಂದರಲ್ಲೂ ಬಣ್ಣವಿರಲಿಲ್ಲ. ಸೀಪಿಯಾ ಎಂಬ ಕಂದು ಶಾಯಿಯ ಬಾಟಲಿಗಳನ್ನು ಹೊರಗಿನಿಂದ ತರಿಸಿ, ಅದಕ್ಕೆ ತಮ್ಮ ಅಂದಾಜಿನಲ್ಲಿ ಕಪ್ಪು ಶಾಯಿ ಬೆರೆಸಿ, ಆಮೇಲೆ ತಿಳಿ ದ್ರವ ಸೇರಿಸುತ್ತ ಗಟ್ಟಿಯಿಂದ ತೆಳುವಿನವರೆಗೆ ಆರು ಬಗೆಯ ಕಂದು ಮಾಡಿ ಟ್ಯಾಂಕುಗಳಿಗೆ ತುಂಬುತ್ತಿದ್ದರು. ತೀರ ಗಟ್ಟಿಯದು ಕೂದಲಿಗೆ, ಕಣ್ಣಿನ ಪಾಪೆಗೆ; ತೀರ ತೆಳುವಿನದು ಹಣೆಯ ಮೇಲಿನ ಬೆಳಕಿಗೆ. ಆ ಪ್ರಿಂಟು ಒಳಗೂ ಹೊರಗೂ ಒಂದೇ. ಹೀಗೆ ತುಂಬಿದ ಮಷೀನಿನಲ್ಲಿ ಬಣ್ಣದ ಕೆಲಸ ಆಗುವುದಿಲ್ಲ. ಪಾಸ್‌ಪೋರ್ಟ್ ಫೋಟೋ ಕೇಳಿಕೊಂಡು ಬಂದವರನ್ನು "ಅಂಥಾ ಮಷೀನ ಅಲ್ರಿ ಇದು, ಮುಂದಿನ ಗಲ್ಲಿಗಿ ಹೋಗ್ರಿ" ಎಂದು ಸಾಗಹಾಕುತ್ತಿದ್ದರು. ನಾನು ಅದನ್ನು ಸನ್ಯಾಸ ತಗೊಂಡ ಮಷೀನು ಎಂದು ಗೇಲಿ ಮಾಡುತ್ತಿದ್ದೆ.

ಅವರ ಗಂಡ ಇದ್ದಾಗ ರೀಲಿನ ಕಾಲ. ಗಂಡ ಫೋಟೋ ತೆಗೆದು ತೊಳೆದು ಕೊಟ್ಟರೆ, ಅದಕ್ಕೆ ಕಂದು ಬಣ್ಣ ಹಿಡಿಸುವ ಕೆಲಸ ಆಪಾ ಮನೆಯ ಅಂಗಳದಲ್ಲಿ ಮಾಡುತ್ತಿದ್ದರಂತೆ. ಆ ಔಷಧದ ನೀರು ಕೊಳೆತ ತತ್ತಿಯಂತೆ ನಾರುತ್ತಿತ್ತು. "ಆಜೂಬಾಜೂದವರು ಜಗಳಕ್ಕ ಬರ್ತಿದ್ರು. ತೊಟ್ಟಿಯಿಂದ ಫೋಟೋ ಎತ್ತಿ ತೋರಿಸಿದ್ರ ಸುಮ್ಮ ನೋಡಿ ಹೋಗ್ತಿದ್ರು" ಎಂದು ಹೇಳುವಾಗ ಅವರ ಮುಖದಲ್ಲಿ ಹೆಮ್ಮೆ ಕಾಣುತ್ತಿತ್ತು. ಗಂಡ ಹೋದ ಮೇಲೆ, ರೀಲೂ ಹೋದ ಮೇಲೆ, ಅದೇ ಕಂದನ್ನು ಶಾಯಿಯಲ್ಲಿ ಹಿಡಿಯಲು ಹೊರಟರು.

ಹಳೆಯ ಫೋಟೋಗಳನ್ನು ಮುಂದಿಟ್ಟುಕೊಂಡು ಬೆರೆಸಿರಬೇಕು ಎಂದು ನಾನು ತಿಳಿದಿದ್ದೆ. ಇಲ್ಲ. ಶಾಯಿ ಬೆರೆಸಿ ಒಂದು ಪಟ್ಟಿ ಪ್ರಿಂಟು ತೆಗೆದು, ಗಲ್ಲಿಯ ಬಿಸಿಲಿಗೆ ಹೋಗಿ, ಎಡಗೈಯ ತೋಳಿನ ಬಟ್ಟೆ ಮೇಲೇರಿಸಿ, ಮುಂಗೈಯ ಮಗ್ಗುಲಿಗೆ ಆ ಪಟ್ಟಿ ಹಿಡಿದು ನೋಡುತ್ತಿದ್ದರು. ಒಳಗೆ ಹೋಗಿ ಒಂದೆರಡು ಹನಿ ಹಾಕುವುದು, ಮತ್ತೆ ಪಟ್ಟಿ, ಮತ್ತೆ ಬಿಸಿಲು. "ಹಳೀ ಫೋಟೋ ಮಾಸ್ತದ್ರಿ. ಕೈ ಮಾಸಲ್ಲ" ಎನ್ನುತ್ತಿದ್ದರು. ತಿಂಗಳುಗಟ್ಟಲೆ ಹೀಗೆ ಮಾಡಿದ ಮೇಲೆ ಕೊನೆಗೆ ಅವರಿಗೆ ಬೇಕಾದದ್ದು ಸಿಕ್ಕಿತು. ಆಮೇಲೆ ತೋಳು ಏರಿಸುವುದನ್ನು ಬಿಟ್ಟರು. "ಈಗ ಕಣ್ಣಿಗಿ ಗೊತ್ತಾಗ್ಯಾದ." ಬೀದರ, ಭಾಲ್ಕಿ, ಔರಾದಗಳ ಎಷ್ಟೋ ಗೋಡೆಗಳ ಮೇಲೆ ಈ ಹೆಂಗಸಿನ ಮುಂಗೈ ಬಣ್ಣದ ಅಜ್ಜ ಅಜ್ಜಿಯರು ತೂಗುತ್ತಿದ್ದರು. ಅದು ಅವರಿಗೂ ನನಗೂ ಮಾತ್ರ ಗೊತ್ತಿತ್ತು.

ಕಂದು ಶಾಯಿಗೆ ಒಂದು ಕೆಟ್ಟ ಚಾಳಿ. ಸುಮ್ಮನಿಟ್ಟರೆ ಬಣ್ಣ ತಳಕ್ಕೆ ಇಳಿಯುತ್ತದೆ, ಮಷೀನಿನ ಬಾಯಿ ಕಟ್ಟುತ್ತದೆ. ಆದ್ದರಿಂದ ದಿನಾ ಬೆಳಿಗ್ಗೆ ಬಾಟಲಿ ಅಲ್ಲಾಡಿಸಬೇಕು, ಕೆಲಸವಿರಲಿ ಬಿಡಲಿ ಒಂದು ಪಟ್ಟಿ ಪ್ರಿಂಟು ತೆಗೆಯಲೇಬೇಕು. ಆಪಾ ಬಾಟಲಿ ಅಲ್ಲಾಡಿಸುತ್ತಲೇ ಗಿರಾಕಿಯ ಜೊತೆ ಮಾತಾಡುತ್ತಿದ್ದರು, ಅಲ್ಲಾಡಿಸುತ್ತಲೇ ಬಾಗಿಲಿಗೆ ಹೋಗಿ ಬರುತ್ತಿದ್ದರು, ಚಹಾ ಕುಡಿಯುವುದೂ ನಿಂತೇ. ಅಂಗಡಿಯಲ್ಲಿದ್ದ ಒಂದೇ ಒಂದು ಸ್ಟೂಲಿನ ಮೇಲೆ ಕಾಗದದ ಕಟ್ಟು. ಹೋದವರೆಲ್ಲ ನಿಂತೇ ಮಾತಾಡಬೇಕು.

"ಜರಾ ಕೂಡ್ರಿ ಆಪಾ, ನಿಮ್ಮನ್ನ ನೋಡಿ ನನ್ನ ಮೊಣಕಾಲು ನೋಯ್ಲತ್ತಾವ" ಅಂದರೆ, "ಕೂತ್ರ ತಳಕ್ಕ ಇಳೀತದ್ರಿ" ಎನ್ನುತ್ತಿದ್ದರು. ಶಾಯಿಯ ಮಾತೋ ತಮ್ಮ ಮಾತೋ, ನಾನು ಕೇಳಲು ಹೋಗಲಿಲ್ಲ.

ಒಂದು ವರ್ಷ ಅವರಿಗೆ ಶಾಯಿ ಕಂಪನಿಯ ಮೇಲೆ ಸಿಟ್ಟು ಬಂತು. ಬಾಟಲಿಯಲ್ಲಿ ಕಂದು ವಿಪರೀತ ಹಾಕುತ್ತಿದ್ದಾರೆ, ಮುಖವೆಲ್ಲ ಬೆಲ್ಲದ ಪಾಕವಾಗುತ್ತದೆ ಎಂಬ ದೂರು. ಕಂದು ಕಡಿಮೆ ಮಾಡಿ ಕಪ್ಪು ಹೆಚ್ಚಿಸಿದರು. ಮುಂದಿನ ಸಲ ಇನ್ನಷ್ಟು ಹೆಚ್ಚಿಸಿದರು. ನನಗೆ ಪ್ರಿಂಟು ಬೂದಿ ಬೂದಿಯಾಗಿ ಕಂಡಿತು, ಹೇಳಿಯೂ ಬಿಟ್ಟೆ.

"ಬೂದಿ? ಕಣ್ಣು ತೋರಿಸ್ಕೋರಿ ಬಾಬಾ."

ನಾನು ಹೋಗಿ ತೋರಿಸಿಕೊಂಡೆ. ನನಗೆ ಕನ್ನಡಕ ಬಂತು. ಕನ್ನಡಕ ಹಾಕಿ ನೋಡಿದರೂ ಪ್ರಿಂಟು ಬೂದಿಯೇ. ಈ ಕಸುಬಿನಲ್ಲಿ ಅವರ ಮಾತಿಗೆ ಎದುರಾಡುವ ಶಕ್ತಿ ನನಗಿರಲಿಲ್ಲ, ಅವರಿಗೆ ಈಗ ಹೀಗೇ ಬೇಕೇನೋ ಎಂದುಕೊಂಡೆ. ಎರಡು ವರ್ಷ ಹಾಗೇ ನಡೆಯಿತು. ಆಮೇಲೆ ಅವರು ಮನೆಯ ಮೆಟ್ಟಿಲಲ್ಲಿ ಎಡವಿದರು. ಡಾಕ್ಟರು ನೋಡಿ ಎರಡೂ ಕಣ್ಣಲ್ಲಿ ಪೊರೆ ಬಂದಿದೆ ಎಂದರು. ಮೊದಲು ಬಲಗಣ್ಣಿನದು ತೆಗೆದರು.

ಆಪರೇಷನ್ ಆದ ಮೇಲೆ ಮೈಲೂರಿನಲ್ಲಿ ತಂಗಿಯ ಮನೆಯಲ್ಲಿ ಮಲಗಿರಬೇಕಾದವರು ಪಟ್ಟಿ ಬಿಚ್ಚಿದ ಮರುದಿನವೇ ಅಂಗಡಿಗೆ ಓಡಿದ್ದರು. ನನಗೆ ಫೋನು ಬಂತು. "ಇದ್ದಂಗೇ ಬರ್ರಿ" ಅಂದು ಇಟ್ಟುಬಿಟ್ಟರು. ಭಾಲ್ಕಿಯಿಂದ ನಾನು ಹೋಗಿ ಮುಟ್ಟುವಷ್ಟರಲ್ಲಿ ಅಂಗಡಿಯ ನೆಲದ ತುಂಬ ಪ್ರಿಂಟುಗಳು ಹರಡಿದ್ದವು. ಆಪಾ ಬಾಗಿಲಲ್ಲಿ ನಿಂತು, ತೋಳು ಏರಿಸಿ, ಮುಂಗೈಗೆ ಒಂದು ಪ್ರಿಂಟು ಹಿಡಿದು, ಒಮ್ಮೆ ಬಲಗಣ್ಣು ಮುಚ್ಚುವರು, ಒಮ್ಮೆ ಎಡಗಣ್ಣು ಮುಚ್ಚುವರು.

"ಹಳೀ ಕಣ್ಣಿಗಿ ಎಲ್ಲಾನೂ ಕಂದ ಕಾಣ್ತದ್ರಿ. ಗ್ವಾಡಿನೂ ಕಂದ, ಹಾಲೂ ಕಂದ. ಅದಕ್ಕೇ ನಾ ಶಾಯಿದಾಗಿನ ಕಂದ ಕಡಿಮಿ ಮಾಡ್ಕೋತ ಹೋಗೀನಿ. ಹೊಸಾ ಕಣ್ಣಿಗಿ ನೋಡ್ರಿ ಇದು." ಪ್ರಿಂಟನ್ನು ನನ್ನ ಮುಖದ ಮುಂದೆ ಹಿಡಿದರು. "ಬೂದಿ ಅದ. ಮನಶಾರ ಮಾರಿಗಿ ಬೂದಿ ಬಡದು ಕೊಟ್ಟೀನಿ ನಾ."

"ಯಾರೂ ತಕರಾರ ಮಾಡಿಲ್ಲಲ್ಲ ಆಪಾ."

"ಮಾಡ್ತಾರೇನ್ರಿ? ಮನ್ಯಾಗ ಸಾವಾದೋರು ಫೋಟೋದ ಬಣ್ಣಕ್ಕ ಜಗಳಾಡ್ತಾರ?"

ಆ ಎರಡು ವರ್ಷದಲ್ಲಿ ಕೊಟ್ಟ ಪ್ರತಿಯೊಂದು ಫೋಟೋವನ್ನೂ ಮತ್ತೆ ಮಾಡಿಕೊಡಬೇಕು ಎಂದು ಅವರು ಅಲ್ಲೇ ನಿಂತು ಹೇಳಿದರು. ಇನ್ನೊಂದು ಕಣ್ಣಿನ ಆಪರೇಷನ್ನೂ ಮುಂದಕ್ಕೆ ಹೋಯಿತು. ಡಾಕ್ಟರು ಬೈದರು, ತಂಗಿ ಅತ್ತಳು. ಯಾರ ಮಾತೂ ನಡೆಯಲಿಲ್ಲ.

ಅಲ್ಲಿಂದ ನಮ್ಮ ತಿರುಗಾಟ ಶುರುವಾಯಿತು. ಹೊಸದಾಗಿ ಬೆರೆಸಿದ ಶಾಯಿಯ ಪ್ರಿಂಟುಗಳು ಅವರ ಬಗಲಲ್ಲಿ, ಸ್ಕ್ರೂ ಡ್ರೈವರು ಮತ್ತು ಅಂಟುಪಟ್ಟಿ ನನ್ನ ಚೀಲದಲ್ಲಿ. ಮನೆಯವರು ಒಪ್ಪಬೇಕಲ್ಲ. ದಿವಸ ಮಾಡಿ ಹಾರ ಹಾಕಿದ ಫೋಟೋವನ್ನು ಮನೆಯಿಂದ ಹೊರಗೆ ಕೊಡುವುದು ನಮ್ಮ ಕಡೆ ಯಾರಿಗೂ ಸರಿಬರುವುದಿಲ್ಲ. ಖಟಕ ಚಿಂಚೋಳಿಯಲ್ಲಿ ಒಬ್ಬ ಸೊಸೆ ಬಾಗಿಲಿಗೆ ಅಡ್ಡ ನಿಂತಳು.

"ಒಮ್ಮಿ ನಮ್ಮತ್ತೀನ ಹೊರಗ ಒಯ್ದೀವಿ. ಇನ್ನೊಮ್ಮಿ ಒಯ್ಯಲಕ ಬಿಡಂಗಿಲ್ರಿ."

ಆಪಾ ಬಗಲಿನ ಪ್ರಿಂಟುಗಳನ್ನು ಕೆಳಗಿಟ್ಟರು. "ಒಯ್ಯೋದು ಬ್ಯಾಡವ್ವಾ. ಇಲ್ಲೇ, ನಿನ್ನ ಮುಂದ ತೆಗೀತೀನಿ" ಎಂದು ಚೌಕಟ್ಟನ್ನು ಪಡಸಾಲೆಯಲ್ಲೇ ಬಿಚ್ಚಿದರು. ಹಳೆಯ ಪ್ರಿಂಟನ್ನು ತೆಗೆಯಲಿಲ್ಲ. ಅದರ ಮುಂದೆ ಹೊಸದನ್ನಿಟ್ಟು ಮತ್ತೆ ಬಿಗಿದರು. "ನೋಡು, ಯಾರೂ ಹೊರಗ ಹೋಗಲಿಲ್ಲ." ಸೊಸೆ ಹತ್ತಿರ ಬಂದು ನೋಡಿ ಸೆರಗಿನಿಂದ ಗಾಜು ಒರೆಸಿದಳು. ಅವತ್ತಿನಿಂದ ಎಲ್ಲ ಮನೆಯಲ್ಲೂ ಇದೇ ಕ್ರಮವಾಯಿತು. ಒಂದು ಮನೆ ಮುಗಿಯುವಷ್ಟರಲ್ಲಿ ಆಪಾ ಮುಂದಿನ ಬಸ್ಸಿನ ಹೊತ್ತು ಕೇಳುತ್ತಿದ್ದರು. ಊಟಕ್ಕೆ ಎಬ್ಬಿಸಿಕೊಂಡು ಹೋಗುತ್ತಾರೆ ಅನ್ನುವುದು ಕೇಳಿದ್ದೆ. ಇವರು ಊಟದಿಂದಲೇ ಎಬ್ಬಿಸಿಕೊಂಡು ಹೋಗುತ್ತಿದ್ದರು. ನನಗೆ ಸಿಟ್ಟು ಬರುತ್ತಿತ್ತು. ಆದರೂ ಮರುದಿನ ಬೀದರಿನ ಬಸ್ಸು ಹತ್ತುತ್ತಿದ್ದೆ, ಯಾಕೆಂದು ಕೇಳಿದರೆ ಹೇಳಲಾರೆ.

ಕೊನೆಗೆ ಉಳಿದದ್ದು ಔರಾದದ ಒಂದೇ ಮನೆ. ಅಲ್ಲಿನ ಹಿರಿಯರು ಹಿಂದೆ ಸಾಲೆಯಲ್ಲಿ ಗಂಟೆ ಹೊಡೆಯುತ್ತಿದ್ದವರು. ಅವರ ಹೆಂಡತಿಯ ಫೋಟೋ ಅದು. ಮೂಲ ಫೋಟೋವನ್ನು ಗೆದ್ದಲು ತಿಂದಿತ್ತು, ಆಪಾ ಅವರ ಕಂಪ್ಯೂಟರಿನಲ್ಲಿದ್ದದ್ದು ಡಿಸ್ಕು ಕೆಟ್ಟು ಹೋಗಿತ್ತು. ಭೂಮಿಯ ಮೇಲೆ ಆ ಹೆಂಗಸಿನ ಮುಖ ಉಳಿದದ್ದು ಗೋಡೆಯ ಮೇಲಿದ್ದ ಆ ಬೂದಿ ಪ್ರಿಂಟಿನಲ್ಲಿ ಮಾತ್ರ.

"ನಾ ಹೋಗಿ ಅದನ್ನೇ ಕ್ಯಾಮೆರಾದಾಗ ಹೊಡಕೊಂಡು ಬರ್ತೇನಿ. ಇಲ್ಲೇ ಪ್ರಿಂಟ ತೆಗೀರಿ" ಎಂದೆ.

"ಆಕಿ ಎಷ್ಟ ಕಪ್ಪಿದ್ಳು, ಎಷ್ಟ ಬೆಳ್ಳಗಿದ್ಳು, ಯಾರ ಹೇಳಬೇಕ್ರಿ? ಗಂಡನ ಮುಂದ ತೆಗೀಬೇಕು. ಅವರು ಹೌದು ಅನ್ನೋ ತನಕ ತೆಗೀಬೇಕು. ಮಷೀನ ಒಯ್ಯೋಣು."

ಶಾಯಿ ತುಂಬಿದ ಪ್ರಿಂಟರನ್ನು ಬಸ್ಸಿನಲ್ಲಿ ಒಯ್ಯುವುದು ಹುಚ್ಚುತನ. ಅದು ಓರೆಯಾಗುವ ಹಾಗಿಲ್ಲ. ನಳಿಗೆಗಳಲ್ಲಿ ಗಾಳಿ ಹೊಕ್ಕರೆ ಕೆಲಸ ಕೆಟ್ಟಿತು. ಆಪಾ ಅದನ್ನು ಚಾದರಿನಲ್ಲಿ ಕಟ್ಟಿ ತೊಡೆಯ ಮೇಲಿಟ್ಟುಕೊಂಡರು. ದಾರಿಯಲ್ಲಿ ಜನವಾಡದಲ್ಲಿ ಜನ ನುಗ್ಗಿತು. ಪಕ್ಕಕ್ಕೆ ಬಂದು ಕೂತ ಹೆಂಗಸು ಚಾದರನ್ನೇ ನೋಡಿದಳು.

"ಏನದ ಬಾಯಿ, ಇದರಾಗ?" ನಮ್ಮ ಕಡೆ ಹೆಂಗಸರಿಗೆ ಗೌರವದಿಂದ ಬಾಯಿ ಅನ್ನುತ್ತಾರೆ.

"ಮಷೀನ ಅದವ್ವಾ. ತುಂಬ್ಯಾದ. ಚೆಲ್ಲಬಾರದು."

ಏನು ತುಂಬಿದೆ ಎಂದು ಆಕೆ ಕೇಳಲಿಲ್ಲ. ತಗ್ಗು ಬಂದಾಗಲೆಲ್ಲ ತಾನೂ ಕೆಳಗೆ ಕೈಕೊಟ್ಟು ಎತ್ತಿ ಹಿಡಿದಳು. ಮುಂದಿನ ಸೀಟಿನವರೂ ತಿರುಗಿ ಕೈಕೊಟ್ಟರು. ಔರಾದ ಮುಟ್ಟುವವರೆಗೆ ಆ ಮಷೀನು ನಾಲ್ಕಾರು ಮಂದಿಯ ಕೈಮೇಲೆಯೇ ಬಂತು.

ಹಿರಿಯರು ನಮ್ಮನ್ನು ಬರಮಾಡಿಕೊಂಡರು. ನಾನು ಗೋಡೆಯ ಫೋಟೋ ಇಳಿಸಿ ಅಲ್ಲೇ ಕ್ಯಾಮೆರಾದಲ್ಲಿ ತೆಗೆದುಕೊಂಡು ಲ್ಯಾಪ್‌ಟಾಪಿಗೆ ಹಾಕಿದೆ. ಕರೆಂಟು ಒಮ್ಮೆ ಹೋಗಿ ಬಂತು. ಮೊದಲ ಪ್ರಿಂಟು ಹೊರಬಿತ್ತು. ಬೂದಿಯೊಳಗಿಂದ ಎದ್ದು ಬಂದ ಹಾಗೆ, ಮೂಗುತಿ ಹಾಕಿದ ಕಂದು ಮುಖದ ಹೆಂಗಸು ಕಾಗದದ ಮೇಲೆ ಬಂದಿದ್ದಳು. ಸೊಸೆ ಅಡುಗೆಮನೆಯ ಬಾಗಿಲಲ್ಲಿ ನಿಂತು, "ನಮ್ಮತ್ತಿ ಹಿಂಗೇ ಇದ್ರು" ಎಂದಳು. ಹಿರಿಯರು ಪ್ರಿಂಟನ್ನು ಮುಖದ ಹತ್ತಿರ ತಂದು ನೋಡಿ ತಲೆಯಾಡಿಸಿದರು.

"ಇದು ಬ್ಯಾಡ್ರಿ. ಅರಿಶಿಣ ಬಡದಂಗ ಆಗ್ಯಾದ. ಗ್ವಾಡಿದು ಚಲೋ ಅದ."

ಆಪಾ ತೆಳು ಮಾಡಿ ತೆಗೆದರು. ಬೇಡ. ಗಾಢ ಮಾಡಿ ತೆಗೆದರು. ಬೇಡ. ಆಪಾ ಪಡಸಾಲೆಯ ತುಂಬ ಅತ್ತಿಂದಿತ್ತ ತಿರುಗಿದರು. ಇಷ್ಟು ಮನೆ ತಿರುಗಿ ಕೊನೆಗೆ ಇಲ್ಲಿ ಸೋತರಲ್ಲ ಎಂದು ನನಗೆ ಸಂಕಟವಾಯಿತು. ಸೊಸೆ ಒಪ್ಪಿದ್ದಾಳೆ, ಸಾಕು ಬಿಡಿ ಎಂದು ಕಿವಿಯಲ್ಲಿ ಹೇಳಿದೆ. "ಆಕಿ ಯಾರ ಹೆಂಡ್ತಿ ರೀ?" ಎಂದು ನನ್ನನ್ನೇ ಗದರಿದರು. ಆಮೇಲೆ ಏನೋ ಹೊಳೆದವರಂತೆ ನಿಂತು, "ಅಣ್ಣಾರ, ಜರಾ ಬಾಗಲಕ ಬರ್ರಿ. ಬೆಳಕಿಗಿ ಮಾರಿ ಮಾಡ್ರಿ" ಎಂದರು.

ಹಿರಿಯರು ಬಂದು ನಿಂತರು. ಬಿಸಿಲಿನಲ್ಲಿ ಅವರ ಎರಡೂ ಕಣ್ಣಿನ ಪಾಪೆಗಳ ಮೇಲೆ ಮಬ್ಬು ಬಿಳುಪು ನನಗೂ ಕಂಡಿತು.

ಆಪಾ ನಕ್ಕರು. ಎಷ್ಟೋ ತಿಂಗಳ ಮೇಲೆ ನಕ್ಕರು. "ನಿಮಗೂ ಪೊರಿ ಬಂದದ ಅಣ್ಣಾರ. ನಾ ಪೊರಿ ಕಣ್ಣಿಲೆ ಮಾಡೀನಿ, ನೀವು ಪೊರಿ ಕಣ್ಣಿಲೆ ನೋಡೀರಿ. ನಮ್ಮಿಬ್ರಿಗೇ ಅದು ಸರಿ ಕಂಡದ." ಹೇಳುತ್ತ ಹೇಳುತ್ತ ಪಡಸಾಲೆಯ ಗೋಡೆಗೆ ಒರಗಿ ನೆಲದ ಮೇಲೆ ಕೂತುಬಿಟ್ಟರು. ಸೊಸೆ ಕೊಟ್ಟ ಚಹಾವನ್ನು ಕೂತೇ ಕುಡಿದರು. ನಾನು ನೋಡಿದ್ದು ಅದೊಂದೇ ಸಲ ಎಂದು ಮೊದಲೇ ಹೇಳಿದೆನಲ್ಲ, ಅದು ಇದೇ.

ಹೊರಡುವಾಗ ಆಪಾ ಮೊದಲು ತೆಗೆದ ಕಂದು ಪ್ರಿಂಟನ್ನು ಹಿರಿಯರ ಕೈಗೆ ಕೊಟ್ಟರು. "ಟ್ರಂಕಿನಾಗ ಇಡ್ರಿ. ಕಣ್ಣು ಮಾಡಿಸ್ಕೊಂಡ ಮ್ಯಾಲ ತೆಗೀರಿ. ಅವತ್ತ ಯಾವುದು ಆಕಿ ಅನಸ್ತದ, ಅದನ್ನ ಹಾಕ್ರಿ. ನನಗ ತಿಳಸ್ರಿ."

ಆ ಉತ್ತರಕ್ಕೆ ಅವರು ಕಾದದ್ದೆಷ್ಟು. ನಾಲ್ಕು ದಿನಕ್ಕೊಮ್ಮೆ ನನಗೆ ಫೋನು. "ಔರಾದದ ಅಣ್ಣಾರು ಮಾಡಿಸ್ಕೊಂಡ್ರೇನ್ರಿ?"

"ಇಲ್ಲ ಆಪಾ. ಬ್ಯಾಸಿಗಿ ಮುಗೀಲಿ ಅಂತಾರ."

"ಬ್ಯಾಸಿಗಿಗೂ ಕಣ್ಣಿಗೂ ಏನ ಸಂಬಂಧ? ಅವರೊಬ್ರು ಹೌದು ಅಂದ್ರ ನಾ ಆರಾಮ ಕೂಡ್ತೀನಿ ಬಾಬಾ."

ಬೇಸಿಗೆ ಮುಗಿಯುವ ಮೊದಲೇ ಆಪಾ ಹೋದರು. ಬೆಳಿಗ್ಗೆ ಬಾಟಲಿ ಅಲ್ಲಾಡಿಸುತ್ತ ಬಾಗಿಲಿಗೆ ಬಂದವರು ಅಲ್ಲೇ ಎದೆ ಹಿಡಿದುಕೊಂಡರಂತೆ. ತಂಗಿ ಆ ಮಷೀನನ್ನು ನನಗೆ ಕೊಟ್ಟಳು. ಅದನ್ನು ತರಲು ಹೋದಾಗ ಅವರ ಮನೆಯನ್ನು ಒಳಗಿನಿಂದ ಮೊದಲ ಸಲ ನೋಡಿದೆ. ಗೋಡೆಯ ಮೇಲೆ ಒಂದು ಗಡಿಯಾರ, ಒಂದು ಕ್ಯಾಲೆಂಡರು. ನಮಾಜು ಮಾಡುವ ಮನೆ, ಯಾರ ಫೋಟೋವನ್ನೂ ಹಾಕುವುದಿಲ್ಲ, ಗಂಡನದೂ ಇಲ್ಲ. ನಾನು ಎಷ್ಟೋ ಸಲ ಅವರ ಕಡೆ ಕ್ಯಾಮೆರಾ ತಿರುಗಿಸಿದ್ದೆ. "ನಂದ ನಕ್ಕೋ, ಬ್ಯಾಡ ಬಾಬಾ. ಹಾಕಲಕ ಗ್ವಾಡಿ ಇಲ್ಲ" ಎಂದು ಕೈ ಅಡ್ಡ ಹಿಡಿಯುತ್ತಿದ್ದರು. ಈಗ ದಿನಾ ಬೆಳಿಗ್ಗೆ ನನ್ನ ಸ್ಟುಡಿಯೋದಲ್ಲಿ ಬಾಟಲಿ ಅಲ್ಲಾಡಿಸಿ ಒಂದು ಪಟ್ಟಿ ತೆಗೆಯುತ್ತೇನೆ. ಆ ಹೊತ್ತಿಗೆ ಕುರ್ಚಿಯಲ್ಲಿ ಕೂರಲು ಮನಸ್ಸು ಬರುವುದಿಲ್ಲ. ಎದ್ದು ಬಾಗಿಲಿಗೆ ಹೋಗುತ್ತೇನೆ, ಬರುತ್ತೇನೆ.

ಮಳೆಗಾಲದಲ್ಲಿ ಔರಾದದಿಂದ ಸೊಸೆಯ ಫೋನು ಬಂತು. ಮಾವನ ಎರಡೂ ಕಣ್ಣಿನ ಆಪರೇಷನ್ ಆಗಿದೆ, ಆ ಬಾಯಿಯನ್ನು ಕರೆದುಕೊಂಡು ಬರಬೇಕಂತೆ. ಆಪಾ ಇಲ್ಲವೆಂದು ಫೋನಿನಲ್ಲಿ ಹೇಳಲಿಲ್ಲ. ಒಬ್ಬನೇ ಹೋದೆ.

ಗೋಡೆಯ ಮೇಲೆ ಕಂದು ಫೋಟೋ ಇತ್ತು. ಹೊಸ ಹಾರ ಹಾಕಿದ್ದರು. ಹಿರಿಯರು ನನ್ನ ಕೈ ಹಿಡಿದು ಅದರ ಮುಂದೆ ನಿಲ್ಲಿಸಿದರು.

"ಇದೇ ರೀ ಆಕಿ. ಕಣ್ಣು ಬಿಚ್ಚಿದ ದಿನಾನೇ ಟ್ರಂಕ ತೆಗದ ನೋಡೀನಿ. ಹೊಲದಿಂದ ಬಂದು ನೀರ ಕೇಳ್ತಿದ್ಳಲ್ಲ, ಹಂಗೇ ನಿಂತಾಳ. ಹಿಂದ ಹಳೇದೂ ಅದ, ಹೊರಗ ಕಳಿಸಿಲ್ಲ." ಬಾಗಿಲ ಕಡೆ ನೋಡುತ್ತ ಕೇಳಿದರು. "ಬಾಯಿ ಎಲ್ಲಿದ್ದಾರ್ರಿ?"

ಹೇಳಿದೆ. ಅವರು ನನ್ನ ಕೈ ಬಿಟ್ಟರು. ಹೊರಗೆ ಹಂಚಿನ ಮೇಲೆ ಮಳೆ ಹನಿಯುತ್ತಿತ್ತು.

"ಅವತ್ತ ಅವರ ಮಾರಿ ನನಗ ಕಂಡೇ ಇಲ್ರಿ" ಎಂದರು. "ಮಸುಕ ಮಸುಕ, ದನಿ ಅಷ್ಟೇ ಗೊತ್ತದ. ಕಣ್ಣು ಬಂದ ಮ್ಯಾಲ ನೋಡಬೇಕಂತ ಇದ್ದೆ. ಫೋಟೋ ಇದ್ರ ತೋರಸ್ರಿ."

ನಾನು ಮೊಬೈಲು ತೆಗೆದೆ. ಇಲ್ಲವೆಂದು ಗೊತ್ತಿದ್ದೂ ಮೇಲೆ ಕೆಳಗೆ ಸರಿಸಿದೆ. ಸಾವಿರ ಮದುವೆ ಇದ್ದವು, ಅವರದು ಒಂದೂ ಇರಲಿಲ್ಲ.

"ಇಲ್ರಿ. ತೆಗೀಲಕ ಬಿಡ್ತಿರಲಿಲ್ಲ."

"ಬಣ್ಣನಾದ್ರೂ ಹೇಳ್ರಿ. ಕಪ್ಪಿದ್ರೇನು, ಕೆಂಪಿದ್ರೇನು?"

ಕೈಯೆತ್ತಿ, ಹಾರದ ಪಕ್ಕದಲ್ಲಿ ಕಾಣುತ್ತಿದ್ದ ಅವರ ಹೆಂಡತಿಯ ಕೆನ್ನೆಯನ್ನು ಗಾಜಿನ ಮೇಲೆ ಮುಟ್ಟಿ ತೋರಿಸಿದೆ.

"ಇದೇ ರೀ."

ಹಿರಿಯರು ಹಾರವನ್ನು ಒಂದಿಷ್ಟು ಪಕ್ಕಕ್ಕೆ ಸರಿಸಿ ಹತ್ತಿರ ಹೋಗಿ ನೋಡತೊಡಗಿದರು.